ತೇಮಾನ

ನೀರ್ಚಾಲಿನ ತಿರುವು, ಬೆಳಿಗ್ಗೆ ಎಂಟೂಕಾಲು.
ಮಳೆ ಎನ್ನಲೂ ಆಗದ ನಾಲ್ಕು ಹನಿ ಬಿದ್ದಿತ್ತು.
ಬ್ರೇಕು ಹಿಡಿಯಿತು, ಚಕ್ರವೂ ನಿಂತಿತು.
ಗಾಡಿ ನಿಲ್ಲಲಿಲ್ಲ.
ನಿಂತ ಚಕ್ರದ ಮೇಲೆಯೇ ಜಾರುತ್ತ ಹೋಗಿ
ಮುಂದಿದ್ದ ಸ್ಕೂಟರಿನ ಬೆನ್ನಿಗೆ
ಕೊಟ್ಟಿಗೆಯ ಬಾಗಿಲಿಗೆ ತಲೆ ತಾಗಿಸುವ ಎಮ್ಮೆಯ ಹಾಗೆ
ಮೆಲ್ಲನೆ ತಾಗಿತು ನನ್ನ ಆಪೆ.

ಹಿಲ್ಡಾ ಕ್ರಾಸ್ತಾ ನರ್ಸಮ್ಮ ಒಂದು ಕಡೆ,
ಲಸಿಕೆಯ ನೀಲಿ ಪೆಟ್ಟಿಗೆ ಇನ್ನೊಂದು ಕಡೆ.
ನನ್ನ ಜೀರಿಗೆ ಸೋಡಾ, ಹದಿನಾಲ್ಕು ಬಾಟಲಿ,
ಡಾಮರಿನ ಮೇಲೆ ಬರೀ ನೊರೆ.
ಎದ್ದವರು ಮೊದಲು ಪೆಟ್ಟಿಗೆಯ ಮುಚ್ಚಳ ನೋಡಿದರು,
"ಐಸು ಚೆಲ್ಲಲಿಲ್ಲ, ಸದ್ಯ" ಅಂದರು.
ಆಮೇಲೆ ಮೊಣಕಾಲಿನ ನೆತ್ತರು ಕಂಡಿತು.

ಕೂಡಿದವರೆಲ್ಲ ನನ್ನ ಕಡೆಯವರೇ.
ಹೊಸ ಹನಿಗೆ ಎಣ್ಣೆ ಮೇಲೆ ಬರುತ್ತದೆ, ಯಾರೇನು ಮಾಡುವುದು, ಅಂತ ಒಬ್ಬ.
ಈ ತಿರುವೇ ಸರಿ ಇಲ್ಲ ಮಾರಾಯ, ಅಂತ ಇನ್ನೊಬ್ಬ.
ಅಂದುಂಞಿ ಬ್ಯಾರಿಗಳು ಮಾತ್ರ
ಕುಕ್ಕರಗಾಲಲ್ಲಿ ಕೂತು
ಎಡಗಡೆಯ ಹಿಂದಿನ ಚಕ್ರದ ಮೇಲೆ ಅಂಗೈ ಆಡಿಸಿ
ಏನೂ ಹೇಳದೆ ಎದ್ದು
ಅಂಗೈಯನ್ನು ಲುಂಗಿಗೆ ಒರೆಸಿಕೊಂಡರು.

ಪೊಲೀಸು ತಂಬಾನ್ ಬಂದರು.
ಮಲಯಾಳದಲ್ಲಿ ಬರೆಯುತ್ತ, ತಲೆ ಎತ್ತದೆ,
ಮನೆಯ ಹೆಸರು ಕೇಳುವ ಹಾಗೆ ಕೇಳಿದರು:
"ಟಯರ್ ತೇಞ್ಞಿಟ್ಟುಂಡೋ?"

ತೇಞ್ಞು.
ನಮ್ಮಲ್ಲಿ ಗಂಧ ತೇಯುತ್ತಾರೆ.
ಅಮ್ಮ ತೇಯುತ್ತಿದ್ದಳು, ಶನಿವಾರ, ಸಾಣೆಕಲ್ಲಿನಲ್ಲಿ,
ತುಂಡು ಗಿಡ್ಡವಾಗುವುದು ಯಾರಿಗೂ ಕಾಣುತ್ತಿರಲಿಲ್ಲ.
ಎರಡು ಭಾಷೆಯ ನಡುವೆ ನುಸುಳಿ ಬದುಕಿದವನಿಗೆ
ಎರಡರಲ್ಲೂ ಒಂದೇ ಆದ ಶಬ್ದ ಸಿಕ್ಕಿಬಿಟ್ಟಿತು.
ಕನ್ನಡದಲ್ಲಿ ಹೇಳಿದೆ: "ಸ್ವಲ್ಪ."

ಸ್ವಲ್ಪ!
ಫೆಬ್ರವರಿಯಲ್ಲಿ, ಫಿಟ್‌ನೆಸ್ಸಿನ ದಿನ,
ಭಾವ ಕೊರಗಪ್ಪನ ಗಾಡಿಯ ಮೂರೂ ಟಯರು ಬಿಚ್ಚಿ
ನನ್ನದಕ್ಕೆ ಹಾಕಿ, ಸಹಿ ಬಿದ್ದ ಮೇಲೆ
ಮಧ್ಯಾಹ್ನದೊಳಗೆ ಹಿಂದೆ ಕೊಟ್ಟಿದ್ದೆ.
ಇಬ್ಬರೂ ಪೊರೋಟ ತಿಂದು ನಕ್ಕಿದ್ದೆವು.
ಬಿಲ್ಲು ನಾನೇ ಕೊಟ್ಟದ್ದು.
ಒಮ್ಮೆ, ಯಾರೂ ಇಲ್ಲದಾಗ,
ಗೀರಿನೊಳಗೆ ರೂಪಾಯಿ ನಾಣ್ಯ ನಿಲ್ಲಿಸಿ ನೋಡಿದೆ.
ನಾಣ್ಯ ಬಿದ್ದಿತು.
ಹೆಕ್ಕಿ ಕಿಸೆಗೆ ಹಾಕಿಕೊಂಡೆ.

ಹೆಂಡತಿಯ ಬಳೆ ಮಾರುವಾಗ
ಕುಂಬಳೆಯ ಆಚಾರಿ ಅರ್ಧ ಗ್ರಾಂ ಕಳೆದಿದ್ದ.
"ತೇಮಾನ" ಅಂದ.
ಎಲ್ಲಿಗೆ ಹೋಯಿತು ಆ ಬಂಗಾರ, ಅಂತ ಜಗಳಾಡಿದ್ದೆ.
"ಬಟ್ಟೆ ಒಗೆದ ಕಲ್ಲನ್ನು ಕೇಳು,
ನೀರು ಸೇದಿದ ಹಗ್ಗವನ್ನು ಕೇಳು" ಅಂದಿದ್ದ.
ಹಾಗಾದರೆ ನನ್ನ ರಬ್ಬರು
ಬದಿಯಡ್ಕದಿಂದ ಕುಂಬಳೆಯವರೆಗೆ
ತಿರುವಿಗೆ ಒಂದು ಚಿಟಿಕೆಯಂತೆ ಬಿದ್ದಿದೆ.
ತೂಕ ಹಾಕುವವರಿಲ್ಲ ಅಂದುಕೊಂಡಿದ್ದೆ.

"ಕೇಸೆಲ್ಲ ಬೇಡ" ಅಂದರು ಹಿಲ್ಡಾ ನರ್ಸಮ್ಮ,
ಮೊಣಕಾಲಿಗೆ ತಾವೇ ಹತ್ತಿ ಒತ್ತಿಕೊಂಡು.
"ಅಂಗನವಾಡಿಯಲ್ಲಿ ಮಕ್ಕಳು ಕಾಯುತ್ತಾರೆ."
ತಂಬಾನ್ ಪುಸ್ತಕ ಮುಚ್ಚಿದರು.
ಕೂಡಿದವರು ಚದುರಿದರು.
ನನ್ನ ಎದೆಯಿಂದ ದೊಡ್ಡ ಉಸಿರೊಂದು ಹೊರಬಿತ್ತು,
ಅದರ ಸದ್ದು ಕೇಳಿ ನನಗೇ ಹೇಸಿಗೆಯಾಯಿತು.

"ಸ್ವಲ್ಪ ಅಲ್ಲ ಸಾರ್. ಪೂರಾ."

ಮರುಳನನ್ನು ನೋಡುವ ಹಾಗೆ ನೋಡಿದರು.
ಪುಸ್ತಕ ಮತ್ತೆ ತೆರೆದು ಒಂದು ಸಾಲು ಬರೆದರು.
ಓದಲು ಬಾರದ ಆ ಸಾಲಿನ ಕೆಳಗೆ
ಐತ್ತಪ್ಪ ಅಂತ ಕನ್ನಡದಲ್ಲಿ ರುಜು ಹಾಕಿದೆ.
ದಂಡ, ಮೂರು ಟಯರು, ಒಡೆದ ಹಿಂದಿನ ದೀಪ,
ಸೊಸೈಟಿಯ ಸಾಲ, ಎಲ್ಲ ಆಮೇಲಿನ ಮಾತು.
ಕೊರಗಪ್ಪ ಈಗ ನನ್ನ ಹತ್ತಿರ ಮಾತಾಡುವುದಿಲ್ಲ.

ಮೊನ್ನೆ ಸೋಡಾ ಇಳಿಸುತ್ತಿದ್ದೆ.
ಸ್ಕೂಟರು ಪಕ್ಕದಲ್ಲೇ ಬಂದು ನಿಂತಿತು.
ನೀಲಿ ಪೆಟ್ಟಿಗೆ, ಮೊಣಕಾಲಿನಲ್ಲಿ ಕಂದು ಕಲೆ.
"ನನ್ನದೂ ಒಮ್ಮೆ ನೋಡು ಮಾರಾಯ" ಅಂದರು,
ಸ್ವಲ್ಪ ನಾಚಿಕೊಂಡು,
"ಮೂರು ವರ್ಷವಾಯಿತು, ನೋಡಲೇ ಇಲ್ಲ."

ಕುಕ್ಕರಗಾಲಲ್ಲಿ ಕೂತೆ.
ಅಂಗೈ ಇಟ್ಟೆ.